ಯುಎಸ್‌ಬಿ ಕೇಬಲ್ ಚುಚ್ಚಿದಾಗ ಡೆವ್ ಒಳಗೆ ಫೈಲ್ ಮಾಡುವುದು ಕರ್ನೆಲ್ಲೋ, ಯುಡೆವ್ವೋ?

ನೀವು ಕೇಳಿದ್ದು ಎರಡು ವಿಷಯ. ಲಿನಕ್ಸ್‌ನಲ್ಲಿ ಕೇಬಲ್ ಚುಚ್ಚಿದ ಕೂಡಲೇ ಡೆವ್ ಫೋಲ್ಡರಿನಲ್ಲಿ ಒಂದು ಫೈಲ್ ಬರುತ್ತದಲ್ಲ, ಅದನ್ನು ಮಾಡುವವರು ಯಾರು? ಫೈಲ್ ಕಣ್ಣಿಗೆ ಕಂಡರೂ ನಿಮ್ಮ ಪ್ರೋಗ್ರಾಂ ತೆರೆಯಲು ಹೋದಾಗ ಕೆಲವು ಸಲ ಮಾತ್ರ 'ಪರ್ಮಿಶನ್ ಇಲ್ಲ' ಎಂದು ಬರುವುದು ಯಾಕೆ?

ಫೈಲ್ ಮಾಡುವುದು ಕರ್ನೆಲ್ಲೇ, ಅಂದರೆ ಲಿನಕ್ಸಿನ ತಿರುಳು. ಅದರ ಯಜಮಾನ ಯಾರು, ಯಾರು ತೆರೆಯಬಹುದು, ಇನ್ನೊಂದು ಹೆಸರು ಬೇಕಾ ಎಂಬುದನ್ನೆಲ್ಲ ನೋಡಿಕೊಳ್ಳುವುದು ಯುಡೆವ್, ಕರ್ನೆಲ್ಲಿನ ಹೊರಗೆ ಓಡುವ ಒಂದು ಪ್ರೋಗ್ರಾಂ. ನಿಮ್ಮ ತೊಂದರೆ ಇರುವುದು ಇವೆರಡರ ನಡುವಿನ ಸಣ್ಣ ಸಮಯದಲ್ಲಿ.

ಆ ಫೈಲಿನೊಳಗೆ ಮಾಹಿತಿ ಏನೂ ಇರುವುದಿಲ್ಲ. ಇರುವುದು ಎರಡು ಸಂಖ್ಯೆ ಅಷ್ಟೇ. ಮೇಜರ್ ಎಂದರೆ ಯಾವ ಡ್ರೈವರ್ (ಸಾಧನವನ್ನು ನಡೆಸುವ ಕರ್ನೆಲ್ ಭಾಗ), ಮೈನರ್ ಎಂದರೆ ಆ ಡ್ರೈವರ್ ಕೈಯಲ್ಲಿರುವ ಸಾಧನಗಳಲ್ಲಿ ಯಾವುದು. ಯುಎಸ್‌ಬಿ ಸೀರಿಯಲ್ ಕೇಬಲ್‌ಗಳಿಗೆ ಮೇಜರ್ 188. ಮೊದಲನೆಯದಕ್ಕೆ ಮೈನರ್ 0, ಎರಡನೆಯದಕ್ಕೆ 1. ಫೈಲಿನ ಹೆಸರು ಏನಿದ್ದರೂ ಕರ್ನೆಲ್ ನೋಡುವುದು ಈ ಸಂಖ್ಯೆಗಳನ್ನೇ.

ಮೊದಲೆಲ್ಲ ಬೇಕೋ ಬೇಡವೋ ಸಾವಿರಾರು ಫೈಲ್‌ಗಳನ್ನು ಮುಂಚೆಯೇ ಮಾಡಿಡುತ್ತಿದ್ದರು. 2003ರಲ್ಲಿ ಯುಡೆವ್ ಬಂತು. 2009ರಲ್ಲಿ, 2.6.32 ಕರ್ನೆಲ್ ಜೊತೆ, ಸಾಧನದ ಫೈಲ್‌ಗಳನ್ನು ಕರ್ನೆಲ್ ತಾನೇ ಮಾಡಿಡುವ ಜಾಗವಾದ ಡೆವ್‌ಟೆಂಪ್‌ಎಫ್‌ಎಸ್ ಬಂತು. ಈಗ ನಡೆಯುವ ಕ್ರಮ ಹೀಗೆ. ಡ್ರೈವರ್ ಸಾಧನವನ್ನು ನೋಂದಾಯಿಸುತ್ತದೆ. ಕರ್ನೆಲ್ ಡೆವ್‌ಟೆಂಪ್‌ಎಫ್‌ಎಸ್‌ನಲ್ಲಿ ಫೈಲ್ ಮಾಡುತ್ತದೆ. ಸಾಮಾನ್ಯವಾಗಿ ಅದನ್ನು ರೂಟ್, ಅಂದರೆ ಎಲ್ಲ ಅಧಿಕಾರ ಇರುವ ಬಳಕೆದಾರ, ಮಾತ್ರ ತೆರೆಯಬಹುದು. ಆಮೇಲೆ ನೆಟ್‌ಲಿಂಕ್ ಸಾಕೆಟ್ (ಕರ್ನೆಲ್ ಪ್ರೋಗ್ರಾಂಗಳಿಗೆ ಸುದ್ದಿ ಕಳಿಸುವ ದಾರಿ) ಮೇಲೆ 'ಯುಇವೆಂಟ್' ಎಂಬ ಸಂದೇಶ ಹೊರಡುತ್ತದೆ. ಸಾಧನ ಬಂತೋ ಹೋಯಿತೋ, ಕರ್ನೆಲ್ ಸಾಧನಗಳ ವಿವರ ತೋರಿಸುವ ಸಿಸ್‌ಎಫ್‌ಎಸ್‌ನಲ್ಲಿ ಅದರ ದಾರಿ, ಮೇಜರ್, ಮೈನರ್, ಫೈಲಿನ ಹೆಸರು, ಸಂದೇಶದ ಕ್ರಮಸಂಖ್ಯೆ, ಎಲ್ಲ ಅದರಲ್ಲಿ ಇರುತ್ತದೆ. ಯುಡೆವ್ ಇದನ್ನು ಕೇಳಿಸಿಕೊಂಡು, ತನ್ನ ನಿಯಮಗಳ ಪ್ರಕಾರ ಗುಂಪು ಮತ್ತು ಪರ್ಮಿಶನ್ ಬದಲಿಸಿ, ಕೊನೆಗೆ ತನ್ನದೇ ಇನ್ನೊಂದು ಸಂದೇಶ ಹೊರಡಿಸುತ್ತದೆ.

ಅಂದರೆ ಸುದ್ದಿ ಎರಡು ಸಲ ಬರುತ್ತದೆ. ಕರ್ನೆಲ್ಲಿನ ಸುದ್ದಿ ಕೇಳಿದ ಕೂಡಲೇ ಓಡಿದರೆ ಬಾಗಿಲು ಇನ್ನೂ ಹಾಕಿಯೇ ಇರಬಹುದು. ಫೈಲ್ ಕಂಡಿತೆಂದು ತೆರೆಯಲು ಹೋದರೂ ಅದೇ ಕಥೆ. ನೀವು ಕಾಯಬೇಕಾದ್ದು ಯುಡೆವ್ ಹೇಳುವ ಎರಡನೇ ಸುದ್ದಿಗೆ. ಪ್ರೋಗ್ರಾಂನಲ್ಲಿ ಎರಡು ಸೆಕೆಂಡ್ ಸುಮ್ನೆ ನಿಲ್ಲಿಸಿ ನೋಡುವ ಉಪಾಯ ಬೇಡ, ಒಂದು ದಿನ ಕೈಕೊಡುತ್ತದೆ. 'ಯುಡೆವ್‌ಆ್ಯಡ್ಮ್ ಮಾನಿಟರ್' ಎಂಬ ಕಮಾಂಡ್ ಓಡಿಸಿಟ್ಟು ಕೇಬಲ್ ಚುಚ್ಚಿ ನೋಡಿ. ಎರಡು ಸುದ್ದಿಯೂ ಒಂದರ ಹಿಂದೆ ಒಂದು ಬರುವುದನ್ನು ಕಣ್ಣಾರೆ ಕಾಣಬಹುದು.

ಇನ್ನೊಂದು ಮಾತು. ಕಂಪ್ಯೂಟರ್ ಶುರುವಾಗುವಾಗ, ಯುಡೆವ್ ಏಳುವ ಮೊದಲೇ ಹೊರಟ ಸಂದೇಶಗಳನ್ನು ಕೇಳುವವರು ಯಾರೂ ಇರುವುದಿಲ್ಲ ಅಲ್ವಾ? ಅದಕ್ಕೇ ಸಿಸ್‌ಎಫ್‌ಎಸ್‌ನಲ್ಲಿ ಪ್ರತಿ ಸಾಧನಕ್ಕೂ 'ಯುಇವೆಂಟ್' ಎಂಬ ಪುಟ್ಟ ಫೈಲ್ ಇದೆ. ಅದಕ್ಕೆ 'ಆ್ಯಡ್' ಎಂದು ಬರೆದರೆ ಕರ್ನೆಲ್ ಅದೇ ಸಂದೇಶವನ್ನು ಮತ್ತೆ ಕಳಿಸುತ್ತದೆ. ಇಷ್ಟು ಸರಳವಾದ ಏರ್ಪಾಡು ನನಗೆ ತುಂಬ ಇಷ್ಟ.

ಆದರೆ ಫೈಲಿನ ಹೆಸರಿನ ಕೊನೆಯಲ್ಲಿರುವ ಸಂಖ್ಯೆಯನ್ನು ನಂಬಬೇಡಿ. ಶಿರಸಿಯಲ್ಲಿ ನಮ್ಮ ಮಾವನ ಅಡಿಕೆ ವಖಾರಿಗೆ ತೂಕ ಬರೆದುಕೊಳ್ಳುವ ಪ್ರೋಗ್ರಾಂ ಮಾಡಿಕೊಟ್ಟಿದ್ದೆ. ತೂಕದ ಯಂತ್ರಕ್ಕೊಂದು ಕೇಬಲ್, ಎದುರಿಗೆ ತೂಕ ತೋರಿಸುವ ಬೋರ್ಡಿಗೊಂದು. ಆಷಾಢದ ಮಳೆಗೆ ಕರೆಂಟ್ ಹೋಗಿ ಬಂತು. ಕಂಪ್ಯೂಟರ್ ಮತ್ತೆ ಶುರುವಾದಾಗ 0 ಇದ್ದದ್ದು 1 ಆಗಿತ್ತು, 1 ಇದ್ದದ್ದು 0. ಪ್ರೋಗ್ರಾಂ ಬೋರ್ಡಿನಿಂದ ತೂಕ ಓದಲು ಹೋಗಿ ಸುಮ್ಮನೆ ಕೂತಿತ್ತು. ಚೀಲ ಇಳಿಸಿದವರು ಅರ್ಧ ದಿನ ಕಾಯಬೇಕಾಯಿತು. ಅದು ನನಗೆ ಬಹಳ ಬೇಜಾರು ಮಾಡಿತು.

ಎರಡು ಕೇಬಲ್‌ಗಳಲ್ಲೂ ಸಿಎಚ್340 ಚಿಪ್. ಬೇರೆ ಬೇರೆ ಎಂದು ಗುರುತಿಸಲು ಅವಕ್ಕೆ ಸೀರಿಯಲ್ ನಂಬರ್ ಇರಲಿಲ್ಲ. ಹಾಗಾಗಿ ಯಾವ ಪೋರ್ಟಿಗೆ ಚುಚ್ಚಿದೆ ಎಂಬುದರ ಮೇಲೆ ಹೆಸರು ಹಿಡಿದೆ. ಡೆವ್ ಒಳಗಿನ 'ಸೀರಿಯಲ್' ಫೋಲ್ಡರಿನಲ್ಲಿ 'ಬೈ-ಪಾತ್' ಎಂದಿರುತ್ತದೆ, ಯುಡೆವ್ ಮಾಡಿಟ್ಟದ್ದು. ಅಲ್ಲಿನ ಹೆಸರನ್ನೇ ಪ್ರೋಗ್ರಾಂಗೆ ಕೊಟ್ಟೆ. ಯಂತ್ರದ ಪೋರ್ಟಿಗೂ ಅದರ ಕೇಬಲ್ಲಿಗೂ ಕೆಂಪು ಬಣ್ಣ ಹಚ್ಚಿದ್ದೇವೆ. ಗುಡಿಸುವಾಗ ಯಾರಾದರೂ ಕಿತ್ತರೂ, ಮಾವ ಬಣ್ಣ ನೋಡಿ ಅವರೇ ಚುಚ್ಚುತ್ತಾರೆ.