ಸುಲಿಯುತ್ತಿರುವ ಚರ್ಮವನ್ನು ಕೀಳಬೇಡಿ

ಗ್ಲೈಕಾಲಿಕ್ ಪೀಲ್ (ಆಮ್ಲ ಹಚ್ಚಿ ಚರ್ಮದ ಮೇಲ್ಪದರ ಸುಲಿಯುವಂತೆ ಮಾಡುವ ಚಿಕಿತ್ಸೆ) ಮಾಡಿಸಿ ಮೂರು ದಿನ ಆಯಿತು, ಬಾಯಿ ಸುತ್ತ ಚರ್ಮ ಸುಲಿಯುತ್ತಿದೆ, ಸ್ಕ್ರಬ್ ಹಾಕಿ ತೆಗೆಯಬಹುದಾ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಕೈಯಿಂದಲೂ ಕೀಳಬೇಡಿ. ಕೆಳಗಿನ ಹೊಸ ಚರ್ಮ ಇನ್ನೂ ಎಳೆಯದು. ಬಲವಂತವಾಗಿ ಎಳೆದರೆ ಅಲ್ಲಿ ಕಪ್ಪು ಕಲೆ ಉಳಿಯಬಹುದು. ಕಂದು ಮೈಬಣ್ಣದವರಿಗೆ ಈ ಅಪಾಯ ಜಾಸ್ತಿ. ಕಲೆ ಹೋಗಲಿ ಅಂತಲೇ ಎಷ್ಟೋ ಜನ ಪೀಲ್ ಮಾಡಿಸುವುದು, ಅಲ್ವಾ?

ಇಂಥ ಹಗುರ ಪೀಲ್ ಆದರೆ ಸುಲಿಯುವುದು ಸಾಮಾನ್ಯವಾಗಿ ವಾರದೊಳಗೆ ತಾನಾಗಿ ನಿಲ್ಲುತ್ತದೆ. ಅಲ್ಲಿಯವರೆಗೆ ಉಗುರುಬೆಚ್ಚಗಿನ ನೀರು, ಪರಿಮಳವಿಲ್ಲದ ಮೃದು ಕ್ಲೆನ್ಸರ್ ಸಾಕು. ಟವೆಲ್‌ನಿಂದ ಉಜ್ಜದೆ ಮೆಲ್ಲಗೆ ಒತ್ತಿ ಒರೆಸಿ. ತೇವ ಇರುವಾಗಲೇ ಮಾಯಿಶ್ಚರೈಸರ್ ಹಚ್ಚಿ, ತೀರಾ ಒಣಗಿದ ಕಡೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ. ರೆಟಿನಾಲ್, ವಿಟಮಿನ್ ಸಿ ಸೀರಮ್ ಎಲ್ಲ ಸದ್ಯಕ್ಕೆ ಪಕ್ಕಕ್ಕಿಡಿ.

ಸನ್‌ಸ್ಕ್ರೀನ್ ಮಾತ್ರ ಬಿಡಲೇಬೇಡಿ. ನನ್ನ ಪ್ರಕಾರ ಉಳಿದೆಲ್ಲಕ್ಕಿಂತ ಇದೇ ಮುಖ್ಯ. ಎಸ್‌ಪಿಎಫ್ 30 ಅಥವಾ ಹೆಚ್ಚು ಇರಲಿ. ಜಿಂಕ್ ಆಕ್ಸೈಡ್ ಇರುವಂಥದ್ದು ಉರಿಯುವುದು ಕಡಿಮೆ. ಹೊರಗಿದ್ದರೆ 2 ಗಂಟೆಗೊಮ್ಮೆ ಮತ್ತೆ ಹಚ್ಚಿ, ಟೋಪಿಯನ್ನೂ ಹಾಕಿಕೊಳ್ಳಿ.

ಗುಳ್ಳೆ, ಕೀವು, ಜ್ವರ ಅಥವಾ ದಿನೇ ದಿನೇ ಏರುವ ನೋವು ಕಂಡರೆ ಸುಮ್ನೆ ಕಾಯಬೇಡಿ, ಪೀಲ್ ಮಾಡಿದ ವೈದ್ಯರಿಗೆ ಅಂದೇ ತೋರಿಸಿ.