ಮಿಕ್ಸಿಯ ಕಪ್ಲರ್ ಯಾಕೆ ಸವೆಯುತ್ತೆ?

ಪ್ರಶ್ನೆ: ನಮ್ಮ ಮಿಕ್ಸಿಯ ಕಪ್ಲರ್ (ಮೋಟರ್ ಮೇಲೆ ಕೂತು ಜಾರ್‌ನ ಬ್ಲೇಡನ್ನು ತಿರುಗಿಸುವ ಹಲ್ಲಿನ ಬಿಲ್ಲೆ) ಎರಡನೇ ಸಲ ಹಲ್ಲು ಕಳಕೊಂಡಿದೆ. ಬೇಕಂತಲೇ ಪ್ಲಾಸ್ಟಿಕ್ ಹಾಕ್ತಾರಾ? ಕಬ್ಬಿಣದ್ದೇ ಹಾಕಬಾರದಾ?
– ಓದುಗರೊಬ್ಬರು, ಹಾಸನ

ಉತ್ತರ: ಬೇಕಂತಲೇ ಹಾಕುತ್ತಾರೆ, ಅದು ಒಳ್ಳೆಯದೇ. ಒಣ ಕೊಬ್ಬರಿಯ ದೊಡ್ಡ ಚೂರು ಸಿಕ್ಕಿಕೊಂಡು ಬ್ಲೇಡ್ ನಿಂತಿತು ಅಂದುಕೊಳ್ಳಿ, ಕೆಳಗೆ ಮೋಟರ್ ಇನ್ನೂ ತಿರುಗಲು ಒದ್ದಾಡುತ್ತಲೇ ಇರುತ್ತೆ, ಆ ಹೊಡೆತ ಎಲ್ಲಾದರೂ ಬೀಳಲೇಬೇಕು ಅಲ್ವಾ? ಕಪ್ಲರ್ ಮೆತ್ತಗಿದ್ದರೆ ಅದರ ಹಲ್ಲು ಹೋಗುತ್ತೆ, ಸ್ವಲ್ಪ ದುಡ್ಡಲ್ಲಿ ಮುಗಿಯುತ್ತೆ. ಕಬ್ಬಿಣದ್ದಾದರೆ ಮೋಟರ್ ಸುಡುವ ಅಪಾಯ ಜಾಸ್ತಿ. ಫ್ಯೂಸ್ ಮಾಡುವುದೂ ಇದೇ ಕೆಲಸ.

ಆದರೆ ಪದೇ ಪದೇ ಹೋಗುತ್ತಿದ್ದರೆ ಜಾರ್‌ನ ಬುಡ ನೋಡಿ. ಅಲ್ಲಿನ ತಿರುಗಣೆಯನ್ನು ಬೆರಳಲ್ಲಿ ತಿರುಗಿಸಿ. ಬಿಗಿಯಾಗಿದ್ದರೆ ಬುಶ್, ಅಂದರೆ ಬ್ಲೇಡಿನ ಕಡ್ಡಿ ತಿರುಗುವ ಚಿಕ್ಕ ಕೊಳವೆ, ಹಿಡಿದುಕೊಂಡಿದೆ, ಮೊದಲು ಅದನ್ನು ಸರಿಮಾಡಿಸಿ.

ನನಗೆ ನಿಜವಾಗಿ ಬೇಸರ ತರುವುದು ಅಂಟು ಹಾಕಿ ಮುಚ್ಚಿದ ವಸ್ತುಗಳು. ಒಂದು ಚಿಕ್ಕ ಭಾಗ ಹೋದರೂ ಇಡೀ ವಸ್ತು ಕಸಕ್ಕೆ ಹೋಗುತ್ತೆ, ಅದನ್ನು ಮಾಡಲು ಹಾಕಿದ ತಾಮ್ರ, ಉಕ್ಕು, ಕರೆಂಟ್ ಎಲ್ಲಾ ದಂಡ. ಯುರೋಪಿನಲ್ಲಿ 2021ರ ಮಾರ್ಚ್‌ನಿಂದ ವಾಷಿಂಗ್ ಮಷೀನಿನ ಮುಖ್ಯ ಬಿಡಿಭಾಗಗಳು 10 ವರ್ಷ ಸಿಗುವಂತೆ ಇಡಬೇಕೆಂಬ ನಿಯಮ ಇದೆ. ನಮ್ಮಲ್ಲೂ ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ 'ರೈಟ್ ಟು ರಿಪೇರ್' (ರಿಪೇರಿ ಮಾಡಿಸಿಕೊಳ್ಳುವ ಹಕ್ಕು) ಪೋರ್ಟಲ್ ಶುರು ಮಾಡಿತು. ಹೊಸದು ಕೊಳ್ಳುವಾಗ ಎಷ್ಟು ವ್ಯಾಟ್ ಅಂತ ಮಾತ್ರ ಕೇಳಬೇಡಿ, ಸ್ಪೇರ್ ಸಿಗುತ್ತಾ, ಸ್ಕ್ರೂ ಇದೆಯಾ ಅಂತಲೂ ಕೇಳಿ.

ಅಂದ ಹಾಗೆ, ಪ್ಲಗ್ ತೆಗೆದ ಮೇಲೇ ಕಪ್ಲರ್ ಬಿಚ್ಚಿ. ಹಲವು ಮಿಕ್ಸಿಗಳಲ್ಲಿ ಅದು ಉಲ್ಟಾ, ಅಂದರೆ ಗಡಿಯಾರದ ಮುಳ್ಳು ತಿರುಗುವ ಕಡೆಗೇ ಬಿಚ್ಚಿಕೊಳ್ಳುತ್ತೆ.