ಊರು ಗೊತ್ತು, ಭಾಷೆ ಗೊತ್ತಿಲ್ಲ

ದಾವಣಗೆರೆ ವಿನೋಬನಗರದ ನಿವೃತ್ತ ಶಿಕ್ಷಕಿಯೊಬ್ಬರ ಪತ್ರ:

"ರಾತ್ರಿ ಧಾರಾವಾಹಿ ತಪ್ಪಿದರೆ ಮರುದಿನ ಮೊಬೈಲಿನಲ್ಲಿ ನೋಡುತ್ತೇನೆ. ಆ್ಯಪ್‌ಗೆ ದುಡ್ಡೂ ಕಟ್ಟಿದ್ದೇನೆ. ಆದರೂ ಜಾಹೀರಾತು! ಒಂದೇ ಕಂತಿನಲ್ಲಿ ಒಂದೇ ಸೋಪು ಐದು ಸಲ. ಟಿವಿಯವರಿಗೆ ಇದರಿಂದ ಏನು ಸಿಗುತ್ತದೆ? ಬೇಸತ್ತು ಮೊಮ್ಮಗ ಟೆಲಿಗ್ರಾಂನಿಂದ ಇಳಿಸಿಕೊಟ್ಟ. ಅದರಲ್ಲಿ ಜಾಹೀರಾತೇ ಇಲ್ಲ. ಇನ್ನು ಹಾಗೇ ನೋಡಲೇ? ಅಂದ ಹಾಗೆ, ನಿಮ್ಮ ಹಿಂದಿನ ಸಂಚಿಕೆಯ ಕೊನೇ ಪುಟದ ಜಾಹೀರಾತಿನಲ್ಲಿ 'ಹಪ್ಪಳ' ಹೋಗಿ 'ಹಪಳ' ಆಗಿದೆ."

ಸಂಪಾದಕರ ಉತ್ತರ:

ಟೀಚರ್, ಮೊದಲು ಮೊಮ್ಮಗನ ವಿಷಯ ಮುಗಿಸೋಣ. ಪಕ್ಕದವನ ಪೇಪರ್ ನೋಡಿ ಬರೆದ ಹುಡುಗನಿಗೆ ನೀವು ಮಾರ್ಕ್ಸ್ ಕೊಡುತ್ತಿದ್ದಿರಾ? ಇದೂ ಅದೇ. ಬೇಡ.

ಈಗ ಸೋಪಿನ ಕಥೆ. ನಮ್ಮೂರಿನವರಿಗೆ ಮಂಡಕ್ಕಿಯಲ್ಲೇ ಹೇಳಬೇಕು. ಟಿವಿ ಜಾಹೀರಾತು ಸೇರಿನ ಲೆಕ್ಕ. 10 ಸೆಕೆಂಡಿಗೆ ಇಷ್ಟು ಅಂತ ದರ. ಎಷ್ಟು ಜನ ನೋಡಿದರು ಅನ್ನುವುದು ಅಂದಾಜು. ಬಾರ್ಕ್ ಅನ್ನುವ ಸಂಸ್ಥೆ ದೇಶದಲ್ಲಿ 50 ಸಾವಿರಕ್ಕೂ ಹೆಚ್ಚು ಮನೆಗಳಲ್ಲಿ, ಟಿವಿಯಲ್ಲಿ ಏನು ನೋಡುತ್ತಾರೆ ಅಂತ ಗುರುತಿಸುವ ಮೀಟರ್ ಇಟ್ಟಿದೆ. ಕೋಟ್ಯಂತರ ಮನೆಗಳ ಲೆಕ್ಕ ಅದರಿಂದಲೇ. ಆ ಮನೆಯವರು ಬ್ರೇಕ್ ಬಂದಾಗ ಒಲೆ ಮೇಲಿನ ಹಾಲು ನೋಡಲು ಎದ್ದು ಹೋಗಿದ್ದರೂ ಸೇರು ತುಂಬಿದ ಹಾಗೇ ಕಾಣುತ್ತದೆ. ಮಂಡಕ್ಕಿ ಅಲ್ವಾ, ತೂಕ ಯಾರು ನೋಡುತ್ತಾರೆ?

ಮೊಬೈಲಿನಲ್ಲಿ ತಕ್ಕಡಿ ಬಂತು. ಒಂದು ಜಾಹೀರಾತು 1000 ಸಲ ಓಡಿದರೆ ಇಷ್ಟು ರೂಪಾಯಿ. ಅದಕ್ಕೆ ಸಿಪಿಎಂ ಅಂತಾರೆ. ಕಂತಿನಲ್ಲಿ ಬ್ರೇಕ್ ಎಲ್ಲಿ ಅಂತ ಮೊದಲೇ ಗುರುತು ಹಾಕಿರುತ್ತಾರೆ. ದೊಡ್ಡ ಕಂಪನಿಗಳು ಎಷ್ಟೋ ಜಾಗವನ್ನು ಮುಂಚೆಯೇ ಸಗಟಾಗಿ ಕೊಂಡಿರುತ್ತವೆ. ಉಳಿದದ್ದು ಹರಾಜಿಗೆ. ನಿಮ್ಮ ಫೋನು ಯಾವುದು, ಊರು ಯಾವುದು, ಏನೇನು ನೋಡುತ್ತೀರಿ, ಇಷ್ಟರ ಮೇಲೆ ಬೆಲೆ ಕೂಗುತ್ತಾರೆ. ನಮ್ಮ ಎಪಿಎಂಸಿಯ ಮೆಕ್ಕೆಜೋಳದ ಹರಾಜಿನ ಹಾಗೆಯೇ. ಆದರೆ ಇಲ್ಲಿ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತದೆ. ಕೂಗುವವರೂ ಯಂತ್ರಗಳೇ.

ಹಾಗಾದರೆ ಒಂದೇ ಸೋಪು ಐದು ಸಲ ಯಾಕೆ? ಮಾರುವ ಜಾಗ ಜಾಸ್ತಿ, ಕೊಳ್ಳುವವರು ಕಡಿಮೆ. ಬೇಸರ ಮಾಡಿಕೊಳ್ಳಬೇಡಿ, ದಾವಣಗೆರೆಯಲ್ಲಿ ಕೂತು ಕನ್ನಡ ಧಾರಾವಾಹಿ ನೋಡುವ ನಿವೃತ್ತ ಟೀಚರಿಗೆ ಬೆಲೆ ಕೂಗಲು ಸಾಲು ನಿಂತವರು ಯಾರೂ ಇಲ್ಲ. ಬಂದವನಿಗೇ ಐದೂ ಜಾಗ. ಒಬ್ಬರಿಗೆ ದಿನಕ್ಕೆ ಇಷ್ಟೇ ಸಲ ಅಂತ ಮಿತಿ ಹಾಕಬಹುದು, ಹಾಕುತ್ತಾರೆ ಕೂಡ. ಆದರೆ ಅದೇ ಸೋಪು ಮೂರು ದಲ್ಲಾಳಿಗಳ ಕೈಯಿಂದ ಬಂದರೆ, ಒಬ್ಬ ತೋರಿಸಿದ್ದು ಇನ್ನೊಬ್ಬನಿಗೆ ಗೊತ್ತಾಗುವುದಿಲ್ಲ. ಯಾರೂ ಬರದಿದ್ದರೆ ಚಾನೆಲ್‌ನವರು ತಮ್ಮದೇ ಇನ್ನೊಂದು ಧಾರಾವಾಹಿಯ ಪ್ರೋಮೊ ತುರುಕುತ್ತಾರೆ.

ದುಡ್ಡು ಕಟ್ಟಿದರೂ ಯಾಕೆ ಅಂದಿರಿ. ಕೇಬಲ್‌ಗೂ ತಿಂಗಳು ತಿಂಗಳು ಕಟ್ಟುತ್ತಿದ್ದಿರಿ, ಜಾಹೀರಾತೂ ನೋಡುತ್ತಿದ್ದಿರಿ. ಆಗ ಪತ್ರ ಬರೆಯಲಿಲ್ಲ! ಈ ಎರಡು ಜೇಬಿನ ವ್ಯಾಪಾರ ಹಳೆಯದು. ಅಮೆರಿಕದಲ್ಲಿ 2008ರಲ್ಲಿ ಎನ್‌ಬಿಸಿ ಮತ್ತು ಫಾಕ್ಸ್ ಟಿವಿಗಳ ಒಡೆಯರು ಸೇರಿ ಹುಲು (Hulu) ಅನ್ನುವ ಇಂಟರ್ನೆಟ್ ವಿಡಿಯೊ ತಾಣ ತೆರೆದರು. ನೋಡುವವರಿಗೆ ಪುಕ್ಕಟೆ, ಜಾಹೀರಾತು ಟಿವಿಗಿಂತ ಕಡಿಮೆ. ಅದೇ ವರ್ಷ ಎನ್‌ಬಿಸಿ ಮುಖ್ಯಸ್ಥ ಜೆಫ್ ಜಕರ್, ಟಿವಿಯ ಡಾಲರ್ ಕಳೆದುಕೊಂಡು ಡಿಜಿಟಲ್‌ನಲ್ಲಿ ಪೈಸೆ ಆರಿಸುವ ಹಾಗಾಗಬಾರದು ಅಂದಿದ್ದರು. ಅವರ ಭಯ ಸುಳ್ಳಲ್ಲ. 2016ರಲ್ಲಿ ಹುಲು ಪುಕ್ಕಟೆ ನಿಲ್ಲಿಸಿತು. ಈಗ ಅಲ್ಲಿ ಅಗ್ಗದ ಪ್ಲಾನ್ ತೆಗೆದುಕೊಂಡರೆ ಜಾಹೀರಾತೂ ಸೇರಿಯೇ ಬರುತ್ತದೆ. ನಿಮ್ಮದೂ ಅಂಥದ್ದೇ ಪ್ಲಾನ್ ಇರಬೇಕು, ಒಮ್ಮೆ ನೋಡಿ.

ನಮ್ಮಲ್ಲಿ ಪೈಸೆ ರೂಪಾಯಿ ಆದದ್ದು ಕ್ರಿಕೆಟ್‌ನಿಂದ. 2023ರಿಂದ 2027ರವರೆಗಿನ ಐಪಿಎಲ್‌ಗೆ ಭಾರತದ ಟಿವಿ ಹಕ್ಕು 23,575 ಕೋಟಿಗೆ ಹೋಯಿತು, ಡಿಜಿಟಲ್ ಹಕ್ಕು 23,758 ಕೋಟಿಗೆ. ಮೊಬೈಲು ಟಿವಿಯನ್ನೇ ದಾಟಿತು. ಡಿಜಿಟಲ್‌ಗೆ ಅಷ್ಟು ಸುರಿದವರು 2023ರಲ್ಲಿ ಪಂದ್ಯಗಳನ್ನು ಪುಕ್ಕಟೆ ತೋರಿಸಿದರು, ಕನ್ನಡವೂ ಸೇರಿ 12 ಭಾಷೆಗಳಲ್ಲಿ. ದಾನ ಅಲ್ಲ, ತಕ್ಕಡಿಗೆ ಜನ ಬೇಕಿತ್ತು.

ಸರಿ, ತಕ್ಕಡಿಗೆ ಸಲ್ಲಬೇಕಾದದ್ದು ಸಲ್ಲಲಿ. ಅದು ಸೇರಿಗಿಂತ ಪ್ರಾಮಾಣಿಕ. ಸಣ್ಣ ಅಂಗಡಿಯವನೂ ಕೆಲವು ಸಾವಿರ ರೂಪಾಯಿಯಲ್ಲಿ ತನ್ನ ಊರಿಗಷ್ಟೇ ಜಾಹೀರಾತು ಬಿಡಬಹುದು. ಒಪ್ಪಿದೆ.

ಆದರೆ ನನ್ನ ಹೊಟ್ಟೆಯುರಿ ಬೇರೆ. ನಾನು ದಾವಣಗೆರೆಯಲ್ಲಿದ್ದೇನೆ ಅಂತ ಆ ಯಂತ್ರಕ್ಕೆ ಗೊತ್ತು. ಕನ್ನಡ ಧಾರಾವಾಹಿ ನೋಡುತ್ತಿದ್ದೇನೆ ಅಂತಲೂ ಗೊತ್ತು. ಆಮೇಲೆ ತೋರಿಸುವುದು ಹಿಂದಿ ಜಾಹೀರಾತು! ಕನ್ನಡದ್ದು ಬಂದರೆ ಇನ್ನೂ ಕಷ್ಟ. "ಈಗ ಪಡೆಯಿರಿ ನೀವು ಹೊಳೆಯುವ ಕೂದಲು, ಏಕೆಂದರೆ ನಿಮಗೆ ಬೇಕಿದೆ ಆತ್ಮವಿಶ್ವಾಸ." ಕರ್ತೃ, ಕರ್ಮ, ಕ್ರಿಯಾಪದ ಅಂತ ಮೂವತ್ತು ವರ್ಷ ಬೋರ್ಡ್ ಮೇಲೆ ಬರೆದವರು ನೀವು. ಇದನ್ನು ದಿನಕ್ಕೆ ಐದು ಸಲ ಹೇಗೆ ತಡೆದುಕೊಂಡಿರಿ? ನಿಮ್ಮ ಪತ್ರದಲ್ಲಿ ಈ ದೂರು ಇಲ್ಲದ್ದು ನನಗೆ ಸ್ವಲ್ಪ ನೋವಾಯಿತು. ಐದು ಸಲ ಅಂತ ಎಣಿಸಿದಿರಿ, ಏನು ಹೇಳಿತು ಅಂತ ತಿದ್ದಲಿಲ್ಲ.

ನಾನು ಹುಡುಗನಾಗಿದ್ದಾಗ ಥಿಯೇಟರಿನಲ್ಲಿ ಇಂಟರ್ವಲ್ಲಿಗೆ ಸ್ಲೈಡ್ ಹಾಕುತ್ತಿದ್ದರು. ನಮ್ಮ ಸೋದರಮಾವ ಅವನ್ನು ಬರೆಯುತ್ತಿದ್ದ. ಗಾಜಿನ ತುಂಡು, ಸಣ್ಣ ಬ್ರಶ್ಶು. ಪಾತ್ರೆ ಅಂಗಡಿ, ಕನ್ನಡಕದ ಅಂಗಡಿ, ಜವಳಿ ಅಂಗಡಿ. ಅಕ್ಷರ ತಪ್ಪಿದರೆ ಬಾಲ್ಕನಿಯಿಂದಲೇ ಯಾರೋ ಕೂಗುತ್ತಿದ್ದರು. ಅಂಗಡಿಯವನು ಮೂರನೇ ಸಾಲಿನಲ್ಲಿ ಹೆಂಡತಿ ಮಕ್ಕಳ ಜೊತೆ ಕೂತು ತನ್ನ ಹೆಸರು ನೋಡುತ್ತಿದ್ದ. ಆಮೇಲೆ ಲೋಕಲ್ ಕೇಬಲ್ ಬಂತು. ಪಿಕ್ಚರ್ ಕೆಳಗೆ ಓಡುವ ಅಕ್ಷರದಲ್ಲಿ "ಆಷಾಢ ಡಿಸ್ಕೌಂಟ್, ಚೌಕಿಪೇಟೆ". ದುಡ್ಡು ಊರಿನೊಳಗೇ ಸುತ್ತುತ್ತಿತ್ತು.

ಹೋದ ದೀಪಾವಳಿಗೆ, ಇಪ್ಪತ್ತು ವರ್ಷದಿಂದ ನಮಗೆ ಒಳಪುಟದ ಜಾಹೀರಾತು ಕೊಡುತ್ತಿದ್ದ ಸೀರೆ ಅಂಗಡಿಯವರ ಹತ್ತಿರ ಹೋದೆ. ಕಾಫಿ ಕೊಟ್ಟರು. "ಈ ಸಲ ಮೊಬೈಲ್‌ಗೆ ಹಾಕಿದೀವಿ ಸಾರ್, ಎಷ್ಟು ಜನ ನೋಡಿದ್ರು ಅಂತ ಅಲ್ಲೇ ತೋರಿಸುತ್ತೆ" ಅಂದರು. ಫೋನ್ ತೆಗೆದು ಸಂಖ್ಯೆ ತೋರಿಸಿದರು. ದೊಡ್ಡ ಸಂಖ್ಯೆಯೇ. ಎಷ್ಟು ಜನ ಅಂಗಡಿಗೆ ಬಂದರು ಅಂತ ಕೇಳಬೇಕೆನಿಸಿತು. ಕಾಫಿ ಕುಡಿದ ಮೇಲೆ ಕೇಳುವುದು ಹೇಗೆ?

ಇದು ನನ್ನ ಹೊಟ್ಟೆಪಾಡಿನ ಮಾತೂ ಹೌದು, ಮುಚ್ಚಿಡುವುದಿಲ್ಲ. ನೀವು ಕೊಡುವ ಚಂದಾದಲ್ಲಿ ಕಾಗದದ ಖರ್ಚೂ ಹುಟ್ಟುವುದಿಲ್ಲ. ನಮಗೂ ಎರಡು ಜೇಬೇ.

ಇನ್ನು ಹಪ್ಪಳ. ತಪ್ಪು ಅಂಗಡಿಯವರದಲ್ಲ, ಪ್ರೂಫ್ ನೋಡಿದವನು ನಾನೇ. ಸಂಚಿಕೆ ಬಂದ ದಿನ ಸಂಜೆಯೇ ಅವರು ಎರಡು ಕಟ್ಟು ಹಪ್ಪಳ ಹಿಡಿದು ಆಫೀಸಿಗೆ ಬಂದು, "ಎಣಿಸಿಕೊಳ್ಳಿ ಸಾರ್, ಒತ್ತು ಇದೆಯಾ ನೋಡಿ" ಅಂದರು. ಈ ಸಂಚಿಕೆಯಲ್ಲಿ ಅದೇ ಜಾಹೀರಾತು ಪುಕ್ಕಟೆಯಾಗಿ ಮತ್ತೆ ಬಂದಿದೆ, ಒತ್ತಕ್ಷರ ಸಮೇತ. ಒಂದು ಕಟ್ಟು ನಿಮಗಾಗಿ ಇಟ್ಟಿದ್ದೇನೆ. ಮೊಮ್ಮಗನನ್ನು ಕಳಿಸಿ.